ಸ್ಪಾನ್ ಎಸೆದ ಊರುಗಳು: ಬಫಲೋದಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಎಂಟು ದಿನ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಎಡಗೈ ಪಿಚರ್‌ಗಳ (ಬ್ಯಾಟರ್‌ಗೆ ಚೆಂಡು ಎಸೆಯುವವರ) ಪೈಕಿ ಅತಿ ಹೆಚ್ಚು ಪಂದ್ಯ ಗೆದ್ದವರು ವಾರೆನ್ ಸ್ಪಾನ್. ಈ ಆಟದಲ್ಲಿ ತಂಡದ ಗೆಲುವು, ಸೋಲನ್ನು ಒಬ್ಬ ಪಿಚರ್ ಖಾತೆಗೆ ಬರೆಯುತ್ತಾರೆ. ಗೆಲುವು 363, ಸೋಲು 245. ಶುರು ಮಾಡಿದ್ದು 1942ರಲ್ಲಿ, ಮುಗಿಸಿದ್ದು 1965ರಲ್ಲಿ. ನಡುವಿನ ಮೂರು ಸೀಸನ್‌ಗಳನ್ನು ಎರಡನೇ ಮಹಾಯುದ್ಧ ಇಡಿಯಾಗಿ ನುಂಗಿತು. ಮೊದಲ ಗೆಲುವು ದಕ್ಕಿದಾಗ ಅವರಿಗೆ 25 ತುಂಬಿತ್ತು.

ಈ ವೃತ್ತಿಯ ಗುಟ್ಟು ಎರಡು ವರ್ಷಗಳ ಅಂಕಿಯಲ್ಲಿದೆ. 1950ರಲ್ಲಿ 293 ಇನ್ನಿಂಗ್ಸ್ (ಮೂರು ಔಟ್‌ಗೆ ಒಂದು, ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದು 191 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದರು, 21 ಪಂದ್ಯ ಗೆದ್ದರು. 1963ರಲ್ಲಿ, 42ರ ವಯಸ್ಸಿನಲ್ಲಿ, 259 ಇನ್ನಿಂಗ್ಸ್‌ಗೆ ಸ್ಟ್ರೈಕ್‌ಔಟ್ 102ಕ್ಕೆ ಇಳಿದಿತ್ತು. ಗೆಲುವು ಮಾತ್ರ 23. ತೋಳಿನ ವೇಗ ಕರಗಿದರೂ ಗೆಲುವು ಕರಗಲಿಲ್ಲ. ಅದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ಅವರು ಎಸೆದ ಊರುಗಳಲ್ಲಿ ಒಂದೊಂದಾಗಿ ಹುಡುಕುತ್ತ ಹೋಗುವ ದಾರಿ ಇದು.

ಹೊರಡುವ ಮುಂಚೆ ಒಂದು ಎಚ್ಚರಿಕೆ: ಸ್ಪಾನ್ ಅವರ ಹೆಸರು ತಂದ ಮೈದಾನಗಳಲ್ಲಿ ಹೆಚ್ಚಿನವು ಈಗಿಲ್ಲ. ಬಾಸ್ಟನ್‌ನದು ಮುಕ್ಕಾಲು ಪಾಲು ಹೋಗಿದೆ, ಮಿಲ್ವಾಕಿಯದು ಪೂರ್ತಿ ಹೋಗಿದೆ, ಸ್ಯಾನ್ ಫ್ರಾನ್ಸಿಸ್ಕೋದ್ದೂ ಹಾಗೆಯೇ. ಏನು ಉಳಿದಿದೆ, ಎಲ್ಲಿ ನಿಂತು ನೋಡಬೇಕು ಎಂದು ಮೊದಲೇ ತಿಳಿದಿರದಿದ್ದರೆ ಪಾರ್ಕಿಂಗ್ ಲಾಟ್‌ಗಳನ್ನು ನೋಡಿಕೊಂಡು ಬಂದಂತಾಗುತ್ತದೆ. ಕಾಲ: ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ. ದಾರಿಯಲ್ಲಿ ಎರಡು ಪಂದ್ಯಗಳನ್ನಾದರೂ ನೋಡುವ ಹಾಗೆ ತಂಡಗಳ ವೇಳಾಪಟ್ಟಿ ಹಿಡಿದುಕೊಂಡು ದಿನ ಗೊತ್ತು ಮಾಡಿ. ತಂಡ ಹೊರ ಊರಿನಲ್ಲಿದ್ದ ವಾರ ಹೋದರೆ ಸ್ಟೇಡಿಯಂ ಬಾಗಿಲಷ್ಟೇ ಕಾಣುತ್ತದೆ.

ದಿನ 1: ಬಫಲೋ

ಸ್ಪಾನ್ ಹುಟ್ಟಿದ್ದು 1921ರ ಏಪ್ರಿಲ್ 23ರಂದು, ಬಫಲೋದಲ್ಲಿ. ಆಗಿನ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ಎಡ್ವರ್ಡ್ ಗೋಡೆಗೆ ಅಂಟಿಸುವ ವಾಲ್‌ಪೇಪರ್ ಮಾರುತ್ತಿದ್ದವರು, ಊರಿನ ಹವ್ಯಾಸಿ ತಂಡಗಳಲ್ಲಿ ಆಡುತ್ತಿದ್ದವರು. ಹುಡುಗ ಮೊದಲು ಪಿಚರ್ ಆಗಿರಲಿಲ್ಲ, ಫಸ್ಟ್ ಬೇಸ್, ಅಂದರೆ ಬ್ಯಾಟರ್ ಹೊಡೆದು ಮೊದಲು ಓಡಿ ಮುಟ್ಟುವ ಜಾಗ, ಕಾಯುತ್ತಿದ್ದ. ಸೌತ್ ಪಾರ್ಕ್ ಹೈಸ್ಕೂಲಿಗೆ ಸೇರಿದಾಗ ಆ ಜಾಗದಲ್ಲಿ ಅವನಿಗಿಂತ ಒಳ್ಳೆಯ ಆಟಗಾರ ಇದ್ದ. ತಂಡಕ್ಕೆ ಸೇರಬೇಕಾದರೆ ಬೇರೆ ಕೆಲಸ ಹಿಡಿಯಬೇಕಿತ್ತು, ಚೆಂಡು ಎಸೆಯಲು ನಿಂತ.

ವಿಮಾನ ಇಳಿದ ಮಧ್ಯಾಹ್ನವೇ ಊರಿನ ದಕ್ಷಿಣ ಭಾಗದ ಕ್ಯಾಜಿನೋವಿಯಾ ಪಾರ್ಕಿಗೆ ಹೋಗಬಹುದು. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಯೋಜಿಸಿದ ಉದ್ಯಾನಗಳಲ್ಲಿ ಇದೂ ಒಂದು. ಒಳಗೆ ಹಾಯುವ ರಸ್ತೆಗೆ ವಾರೆನ್ ಸ್ಪಾನ್ ವೇ ಎಂದು ಹೆಸರಿಟ್ಟಿದ್ದಾರೆ. ಬೇಸಿಗೆಯ ಸಂಜೆ ಅಲ್ಲಿನ ಮೈದಾನಗಳಲ್ಲಿ ಮಕ್ಕಳ ಆಟ ನಡೆಯುತ್ತಿರುತ್ತದೆ, ಟಿಕೆಟ್ಟಿಲ್ಲ. ಬೇಸ್‌ಬಾಲ್ ಹೊಸತಾಗಿರುವವರು ಇಲ್ಲೇ ಒಂದು ಗಂಟೆ ಕೂತು ನಿಯಮ ಹಿಡಿದುಕೊಳ್ಳುವುದು ವಾಸಿ. ದೊಡ್ಡ ಸ್ಟೇಡಿಯಂನಲ್ಲಿ ಎಸೆತ ಕಣ್ಣಿಗೆ ಸಿಗುವುದಿಲ್ಲ; ಇಲ್ಲಿ ಬೇಲಿಯ ಹಿಂದೆ, ಕ್ಯಾಚರ್ ಬೆನ್ನಿಗೆ ನಿಂತು ನೋಡಬಹುದು.

1940ರಲ್ಲಿ ಬಾಸ್ಟನ್ ತಂಡ ಅವರನ್ನು ಸೇರಿಸಿಕೊಂಡು ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ಗೆ, ಕೆಳ ದರ್ಜೆಯ ಲೀಗಿಗೆ ಕಳಿಸಿತು. ಆ ಊರು ಇಲ್ಲಿಂದ ದಕ್ಷಿಣಕ್ಕೆ ಎರಡು ಗಂಟೆಯೊಳಗಿನ ದಾರಿ. ಸಮಯ ಬಿಗಿಯಾಗಿದ್ದರೆ ಬಿಟ್ಟುಬಿಡಬಹುದು.

ದಿನ 2: ಕೂಪರ್ಸ್‌ಟೌನ್

ಬಫಲೋದಿಂದ ಕೂಪರ್ಸ್‌ಟೌನ್‌ಗೆ ಸುಮಾರು 370 ಕಿ.ಮೀ., ನಾಲ್ಕು ಗಂಟೆ. ಐ-90 ಹಿಡಿದು ಹರ್ಕಿಮರ್ ಬಳಿ, 30ನೇ ಎಕ್ಸಿಟ್‌ನಲ್ಲಿ ಇಳಿದು, 28ನೇ ನಂಬರ್ ರಸ್ತೆಯಲ್ಲಿ ದಕ್ಷಿಣಕ್ಕೆ ತಿರುಗಬೇಕು. ಈ ಹೆದ್ದಾರಿಯಲ್ಲಿ ಟೋಲ್ ಬೂತ್ ಇಲ್ಲ. ಕ್ಯಾಮರಾ ನಂಬರ್ ಪ್ಲೇಟ್ ಓದಿ ಬಿಲ್ ಕಳಿಸುತ್ತದೆ. ಬಾಡಿಗೆ ಕಾರಾದರೆ ಬಿಲ್ ಕಂಪನಿಗೆ ಹೋಗಿ, ಅದರ ಮೇಲೆ ಸೇವಾ ಶುಲ್ಕ ಸೇರಿ ನಿಮ್ಮ ಕಾರ್ಡಿಗೆ ಬರುತ್ತದೆ. ಟೋಲಿನ ಲೆಕ್ಕ ಹೇಗೆ ಎಂದು ಕೀ ಇಸಿದುಕೊಳ್ಳುವಾಗಲೇ ಕೇಳಿಕೊಳ್ಳಿ. ಜುಲೈ ಕೊನೆಯ ವಾರಾಂತ್ಯದಲ್ಲಿ ಮಾತ್ರ ಇಲ್ಲಿಗೆ ಬರಬೇಡಿ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಇಲ್ಲಿನ ಸಂಗ್ರಹಾಲಯ ಹಾಲ್ ಆಫ್ ಫೇಮ್‌ಗೆ ಹೊಸಬರನ್ನು ಸೇರಿಸುವ ಸಮಾರಂಭ ಸಾಮಾನ್ಯವಾಗಿ ಆಗಲೇ ಇರುತ್ತದೆ. ಸುತ್ತಮುತ್ತ ಎಲ್ಲೂ ಕೋಣೆ ಸಿಗುವುದಿಲ್ಲ.

ಹಾಲ್‌ನ ಫಲಕಗಳ ಕೋಣೆಯಲ್ಲಿ ಸ್ಪಾನ್ ಇದ್ದಾರೆ, 1973ರ ಸಾಲಿನಲ್ಲಿ. ಫಲಕದ ಮುಂದೆ ಐದು ನಿಮಿಷ ಸಾಕು. ಹೆಚ್ಚು ಹೊತ್ತು ಕೊಡಬೇಕಾದದ್ದು ಹೊರಾವರಣದ ಎರಡು ಕಂಚಿನ ಪ್ರತಿಮೆಗಳಿಗೆ: ಒಂದು ಕಡೆ ಬ್ರೂಕ್ಲಿನ್‌ನ ಪಿಚರ್ ಜಾನಿ ಪೊಡ್ರೆಸ್, ಎದುರಿಗೆ ಕ್ಯಾಚರ್ ರಾಯ್ ಕ್ಯಾಂಪನೆಲ್ಲ. ಇಬ್ಬರ ನಡುವಿನ ಅಂತರ ಆಟದ ನಿಜ ಅಳತೆಯೇ, 60 ಅಡಿ 6 ಅಂಗುಲ. ಪೊಡ್ರೆಸ್ ಕೂಡ ಎಡಗೈಯವರು, ಸ್ಪಾನ್ ಕಾಲದವರು. ಕ್ಯಾಂಪನೆಲ್ಲ ಪಕ್ಕದಲ್ಲಿ ಕೂತು ಪಿಚರ್ ಕಡೆ ನೋಡಿದರೆ ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಒಂದು ಸಂಗತಿ ಹೊಳೆಯುತ್ತದೆ. ದೂರ 18.44 ಮೀಟರ್, ಕ್ರಿಕೆಟ್ ಪಿಚ್‌ಗಿಂತ ಸುಮಾರು 1.7 ಮೀಟರ್ ಕಡಿಮೆ. ಚೆಂಡು ನೆಲಕ್ಕೆ ಬೀಳದೆ ನೇರ ಬರುತ್ತದೆ. ಪಿಚ್ ಬಿರುಕು ಬಿಟ್ಟಿದೆ, ತೇವ ಇದೆ ಅನ್ನುವ ಯಾವ ಸಹಾಯವೂ ಎಸೆಯುವವನಿಗಿಲ್ಲ. ಗಾಳಿ, ಹೊಲಿಗೆ, ಬೆರಳು, ಇಷ್ಟೇ.

ಚೆಂಡಿನ ತೂಕ 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಸ್ವಲ್ಪ ದೊಡ್ಡದು. ಹೊಲಿಗೆ 108 ಜೋಡಿ, ಚೆಂಡಿನ ಸುತ್ತ ಕುದುರೆ ಲಾಳದ ಆಕಾರದಲ್ಲಿ ತಿರುಗುತ್ತದೆ. ಮೇನ್ ಸ್ಟ್ರೀಟಿನ ಯಾವ ಅಂಗಡಿಯಲ್ಲಾದರೂ ಒಂದು ಚೆಂಡು ಕೊಂಡು ಜೇಬಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ಯಾಟರ್ ಮುಂದಿರುವ ಹೋಂ ಪ್ಲೇಟಿನ ಅಗಲ 17 ಅಂಗುಲ. ಅದರ ನಡುವಿನ 12 ಅಂಗುಲ ತನಗೆ ಬೇಡವೇ ಬೇಡ, ಆ ಕಡೆ ಈ ಕಡೆಯ ಎರಡೂವರೆ ಎರಡೂವರೆ ಅಂಗುಲವೇ ತನ್ನ ಪಾಲು ಎಂದು ಸ್ಪಾನ್ ಹೇಳುತ್ತಿದ್ದರು. ಇನ್ನೊಂದು ಮಾತನ್ನೂ ಎಲ್ಲರೂ ಅವರ ಹೆಸರಿನಲ್ಲೇ ಹೇಳುತ್ತಾರೆ: ಬ್ಯಾಟಿಂಗ್ ಅಂದರೆ ಟೈಮಿಂಗ್, ಪಿಚಿಂಗ್ ಅಂದರೆ ಆ ಟೈಮಿಂಗ್ ಕೆಡಿಸುವುದು. ಎರಪಳ್ಳಿ ಪ್ರಸನ್ನ ಅವರ ಫ್ಲೈಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಲ್‌ನ ಗ್ರಂಥಾಲಯದಲ್ಲಿ ಆಟಗಾರರ ಹಳೆಯ ಪತ್ರಿಕಾ ತುಣುಕುಗಳ ಕಡತಗಳಿವೆ. ಮುಂಚಿತವಾಗಿ ಬರೆದು ಸಮಯ ಗೊತ್ತು ಮಾಡಿಕೊಂಡು ಹೋಗಬೇಕು. ಸುಮ್ಮನೆ ಬಾಗಿಲು ತಟ್ಟಿದರೆ ಆಗುವುದಿಲ್ಲ.

ದಿನ 3: ಬಾಸ್ಟನ್

ಕೂಪರ್ಸ್‌ಟೌನ್‌ನಿಂದ ಆಲ್ಬನಿ ಹಾಯ್ದು ಬಾಸ್ಟನ್‌ಗೆ ಮತ್ತೆ ನಾಲ್ಕು ಗಂಟೆ. ಕಾರನ್ನು ವಿಮಾನ ನಿಲ್ದಾಣದಲ್ಲೇ ಒಪ್ಪಿಸಿಬಿಡಿ, ಊರೊಳಗೆ ಪಾರ್ಕಿಂಗ್ ದುಬಾರಿ. ಗ್ರೀನ್ ಲೈನ್‌ನ ‘ಬಿ’ ರೈಲು ಹತ್ತಿ ಬ್ಯಾಬ್‌ಕಾಕ್ ಸ್ಟ್ರೀಟ್‌ನಲ್ಲಿ ಇಳಿಯಬೇಕು. ಹಳೆಯ ಪುಸ್ತಕಗಳು ಪ್ಲೆಸೆಂಟ್ ಸ್ಟ್ರೀಟ್ ನಿಲ್ದಾಣ ಎಂದು ಬರೆದಿರುತ್ತವೆ. 2021ರಲ್ಲಿ ನಿಲ್ದಾಣಗಳನ್ನು ಒಟ್ಟುಗೂಡಿಸಿದ ಮೇಲೆ ಆ ಹೆಸರು ಹೋಗಿದೆ.

ಕಾಮನ್‌ವೆಲ್ತ್ ಅವೆನ್ಯೂ ಬಿಟ್ಟು ಹ್ಯಾರಿ ಅಗ್ಯಾನಿಸ್ ವೇ ಎಂಬ ಚಿಕ್ಕ ಬೀದಿಗೆ ತಿರುಗಿ. ಹಿಂದೆ ಇದರ ಹೆಸರು ಗ್ಯಾಫ್ನಿ ಸ್ಟ್ರೀಟ್. ಗಾರೆಯ ಗೋಡೆ, ಕಮಾನುಗಳಿರುವ ಹಳೆಯ ಕಟ್ಟಡವೊಂದು ಕಾಣುತ್ತದೆ. ಈಗ ಬಾಸ್ಟನ್ ವಿಶ್ವವಿದ್ಯಾಲಯದ ಪೊಲೀಸ್ ವಿಭಾಗ ಅಲ್ಲಿದೆ. ಸ್ಪಾನ್ ಅವರ ಬಾಸ್ಟನ್ ತಂಡ ಬ್ರೇವ್ಸ್ ಆಡುತ್ತಿದ್ದ, 1915ರಲ್ಲಿ ತೆರೆದ ಬ್ರೇವ್ಸ್ ಫೀಲ್ಡ್‌ನ ಟಿಕೆಟ್ ಕಚೇರಿ ಅದೇ. ಹಿಂದೆ ನಿಕರ್ಸನ್ ಫೀಲ್ಡ್ ಇದೆ. ವಿದ್ಯಾರ್ಥಿಗಳು ಸಾಕರ್ ಆಡುವಾಗ ಜನ ಕೂರುವ ಕಾಂಕ್ರೀಟ್ ಮೆಟ್ಟಿಲು ಸಾಲು, ಹಳೆಯ ಬ್ರೇವ್ಸ್ ಫೀಲ್ಡ್‌ನ ರೈಟ್ ಫೀಲ್ಡ್ ಬದಿಯ ಪ್ರೇಕ್ಷಕರ ಕಟ್ಟೆ. ಹೊರಗೋಡೆಯ ಒಂದು ತುಂಡೂ ಉಳಿದಿದೆ. ಮುಖ್ಯ ಸ್ಟ್ಯಾಂಡ್ ಇದ್ದ ಕಡೆ ಎತ್ತರದ ಹಾಸ್ಟೆಲ್ ಕಟ್ಟಡಗಳೆದ್ದಿವೆ. ಆ ಮೆಟ್ಟಿಲ ಮೇಲೆ ಕೂತರೆ ನದಿ ಕಡೆಯಿಂದ ಗಾಳಿ ಬೀಸುತ್ತದೆ. ಚಾರ್ಲ್ಸ್ ನದಿಯ ಆ ಗಾಳಿ ಎತ್ತರಕ್ಕೆ ಹೊಡೆದ ಚೆಂಡನ್ನು ಒಳಕ್ಕೆ ತಳ್ಳುತ್ತಿತ್ತು. ಇಲ್ಲಿ ಹೋಂ ರನ್, ಅಂದರೆ ಚೆಂಡನ್ನು ಬೇಲಿಯಾಚೆ ಕಳಿಸಿ ರನ್ ಗಳಿಸುವ ಹೊಡೆತ, ಹೊಡೆಯುವುದು ಸುಲಭವಿರಲಿಲ್ಲ. ಪಿಚರ್‌ಗಳಿಗೆ ಒಳ್ಳೆಯ ಮನೆ.

ಸ್ಪಾನ್ ಮಾತ್ರ ಇಲ್ಲಿ ಮೊದಲ ವರ್ಷ ಬಾಳಲಿಲ್ಲ. 1942ರಲ್ಲಿ ತಂಡದ ಮ್ಯಾನೇಜರ್ ಆಗಿದ್ದ ಕೇಸಿ ಸ್ಟೆಂಗೆಲ್, ಬ್ರೂಕ್ಲಿನ್‌ನ ಪೀ ವೀ ರೀಸ್‌ಗೆ ಮೈಮೇಲೆ ಬರುವಂತೆ ಎಸೆಯಲು ಹೇಳಿದರು. ಎಸೆತ ರೀಸ್‌ಗೆ ತಾಕಲಿಲ್ಲ. ಹುಡುಗನಿಗೆ ಧೈರ್ಯ ಸಾಲದು ಎಂದು ತೀರ್ಮಾನಿಸಿ ಕೆಳ ದರ್ಜೆಯ ಹಾರ್ಟ್‌ಫರ್ಡ್ ತಂಡಕ್ಕೆ ಅಟ್ಟಿದರು. ಅಲ್ಲಿ 17 ಪಂದ್ಯ ಗೆದ್ದರು. ಮುಂದೆ ಸ್ಟೆಂಗೆಲ್ ಅವರೇ ಇದನ್ನು ತಮ್ಮ ದೊಡ್ಡ ತಪ್ಪು ಎಂದು ಒಪ್ಪಿಕೊಂಡರು.

ಸೆಪ್ಟೆಂಬರ್ ಕೊನೆಗೆ ವಾಪಸ್ ಬಂದಾಗ ನಡೆದದ್ದು ಇನ್ನೂ ವಿಚಿತ್ರ. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಪಂದ್ಯ. ಯುದ್ಧಕ್ಕಾಗಿ ಗುಜರಿ ಲೋಹ ತಂದುಕೊಟ್ಟ ಮಕ್ಕಳಿಗೆ ಅಂದು ಪ್ರವೇಶ ಉಚಿತ. ಸ್ಪಾನ್ 5–2ರಿಂದ ಹಿಂದಿದ್ದರು. ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಮಕ್ಕಳು ದಂಡುಗಟ್ಟಿ ಮೈದಾನಕ್ಕೆ ನುಗ್ಗಿದರು, ಅಂಪೈರ್‌ಗಳು ಪಂದ್ಯವನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟರು. ಹೀಗಾಗಿ ಸ್ಪಾನ್ ಖಾತೆಯಲ್ಲಿ ಪೂರ್ತಿ ಎಸೆದ ಒಂದು ಪಂದ್ಯ ಸೇರಿತು. ಅದಕ್ಕೆ ಗೆಲುವೂ ಇಲ್ಲ, ಸೋಲೂ ಇಲ್ಲ.

ಯುದ್ಧದಿಂದ ಮರಳಿದ ಮೇಲೆ 1947ರಲ್ಲಿ 21 ಗೆಲುವು, ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟದ್ದು ಸರಾಸರಿ 2.33 ರನ್. 1948ರಲ್ಲಿ ಬ್ರೇವ್ಸ್ ನ್ಯಾಷನಲ್ ಲೀಗ್ ಗೆದ್ದಿತು. (ಮೇಜರ್ ಲೀಗ್‌ನೊಳಗೆ ಎರಡು ಲೀಗ್‌ಗಳಿವೆ, ಎರಡರ ವಿಜೇತರು ವರ್ಲ್ಡ್ ಸೀರೀಸ್‌ನಲ್ಲಿ ಎದುರಾಗುತ್ತಾರೆ.) ಆ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ಪತ್ರಿಕೆಯೊಂದರಲ್ಲಿ ಬಂದ ಪ್ರಾಸದ ಪದ್ಯ ಇವತ್ತಿಗೂ ಜನರ ಬಾಯಲ್ಲಿದೆ: ಒಂದು ದಿನ ಸ್ಪಾನ್, ಮರುದಿನ ಜಾನಿ ಸೇನ್, ಆಮೇಲೆ ಮಳೆ ಬರಲೆಂದು ಪ್ರಾರ್ಥನೆ. ಪದ್ಯ ಚೆನ್ನಾಗಿದೆ, ಲೆಕ್ಕ ಸರಿಯಿಲ್ಲ. ಆ ವರ್ಷ ಸೇನ್ 24 ಗೆದ್ದರು ನಿಜ, ಸ್ಪಾನ್ ಗೆದ್ದದ್ದು 15, ಸೋತದ್ದು 12. ಬಿಲ್ ವಾಯ್ಸೆಲ್ 13, ವರ್ನ್ ಬಿಕ್‌ಫರ್ಡ್ 11 ಗೆಲುವು ತಂದುಕೊಟ್ಟಿದ್ದರು. ಅವರ ಹೆಸರು ಪ್ರಾಸಕ್ಕೆ ಸಿಗಲಿಲ್ಲ ಅಷ್ಟೇ. ವರ್ಲ್ಡ್ ಸೀರೀಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 4–2ರಿಂದ ಸೋತರು.

1949ರಿಂದ 1952ರವರೆಗೆ ನಾಲ್ಕೂ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್ ಸ್ಪಾನ್ ಅವರದೇ. ವೇಗದ ತುತ್ತತುದಿ ಅದು. 1952ರ ಜೂನ್ 14ರಂದು ಚಿಕಾಗೋ ಕಬ್ಸ್ ವಿರುದ್ಧ 15 ಇನ್ನಿಂಗ್ಸ್ ಎಸೆದು 18 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು, ತಮ್ಮ ತಂಡದ ಏಕೈಕ ರನ್ನನ್ನೂ ತಾವೇ ಹೋಂ ರನ್ ಹೊಡೆದು ಗಳಿಸಿದರು. ಪಂದ್ಯ 3–1ರಿಂದ ಸೋತರು. ಆ ಸೀಸನ್ ಪೂರ್ತಿ ಹಾಗೆಯೇ, 14 ಗೆಲುವು, 19 ಸೋಲು. ಇಡೀ ವರ್ಷದಲ್ಲಿ ಬಂದ ಪ್ರೇಕ್ಷಕರು 2,81,278. ಮುಂದಿನ ಮಾರ್ಚ್‌ನಲ್ಲಿ ತಂಡ ಊರು ಬಿಟ್ಟು ಮಿಲ್ವಾಕಿಗೆ ಹೋಯಿತು.

ದಿನ 4: ಮಿಲ್ವಾಕಿ

ಬಾಸ್ಟನ್‌ನಿಂದ ಮಿಲ್ವಾಕಿಗೆ ನೇರ ವಿಮಾನ ಸಿಕ್ಕರೆ ಸುಮಾರು ಮೂರು ಗಂಟೆ. ಸಿಗದಿದ್ದರೆ ಚಿಕಾಗೋಗೆ ಹಾರಿ, ಯೂನಿಯನ್ ಸ್ಟೇಷನ್‌ನಿಂದ ಹಯವಾಥಾ ರೈಲು ಹತ್ತಿ, ಒಂದೂವರೆ ಗಂಟೆ. ಆ ಕಾಲದ ತಂಡಗಳು ಊರೂರು ಸುತ್ತುತ್ತಿದ್ದದ್ದು ಬಹುಪಾಲು ರೈಲಿನಲ್ಲೇ. ಮನಸ್ಸಿದ್ದರೆ ರೈಲನ್ನೇ ಆರಿಸಿಕೊಳ್ಳಿ.

ಊರ ಪಶ್ಚಿಮಕ್ಕೆ ಐ-94 ಬದಿಯಲ್ಲಿ ಚಾವಣಿ ಮುಚ್ಚಿ ತೆರೆಯುವ ದೊಡ್ಡ ಸ್ಟೇಡಿಯಂ ಇದೆ, ಈಗಿನ ಹೆಸರು ಅಮೆರಿಕನ್ ಫ್ಯಾಮಿಲಿ ಫೀಲ್ಡ್. ಸ್ಪಾನ್ ಆಡಿದ್ದು ಇಲ್ಲಲ್ಲ. ಅವರ ಕೌಂಟಿ ಸ್ಟೇಡಿಯಂ ಪಕ್ಕದಲ್ಲಿತ್ತು, 2001ರಲ್ಲಿ ಕೆಡವಿದರು. ಅದರ ಇನ್‌ಫೀಲ್ಡ್ ಇದ್ದ ಜಾಗದಲ್ಲೇ ಮಕ್ಕಳಿಗಾಗಿ ಹೆಲ್‌ಫೇರ್ ಫೀಲ್ಡ್ ಎಂಬ ಪುಟ್ಟ ಮೈದಾನ ಮಾಡಿದ್ದಾರೆ. ಹುಡುಕಬೇಕಾದದ್ದು ಅದನ್ನು. ಮಕ್ಕಳ ಮೈದಾನವಾದ್ದರಿಂದ ಅಳತೆ ಚಿಕ್ಕದು. ಇಲ್ಲಿನ ಪಿಚರ್ ನಿಲ್ಲುವ ಜಾಗವನ್ನು ಸ್ಪಾನ್ ನಿಂತ ಜಾಗ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಪಂದ್ಯವಿದ್ದ ದಿನ ಪಾರ್ಕಿಂಗ್ ಶುಲ್ಕ ಕೊಟ್ಟೇ ಒಳಗೆ ಬರಬೇಕು. ಆದರೆ ಬೇಗ ಬಂದರೆ ಒಂದು ಲಾಭವಿದೆ. ಜನ ಕಾರುಗಳ ಹಿಂದೆ ಒಲೆ ಹಚ್ಚಿ ಬ್ರಾಟ್‌ವರ್ಸ್ಟ್ ಸುಡುತ್ತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಅದು ಹಂದಿಮಾಂಸದ ಸಾಸೇಜ್. ಸಸ್ಯಾಹಾರಿಗಳು ಊಟ ಮುಗಿಸಿಕೊಂಡೇ ಬರುವುದು ಒಳ್ಳೆಯದು.

ಬದಿಯ ದಿಬ್ಬದ ಮೇಲೆ ಮಾಜಿ ಸೈನಿಕರ ಆಸ್ಪತ್ರೆಯ ಆವರಣವಿದೆ. ಕೌಂಟಿ ಸ್ಟೇಡಿಯಂ ಕಾಲದಲ್ಲಿ ಅಲ್ಲಿನ ರೋಗಿಗಳು ದಿಬ್ಬದ ಮೇಲೆ ಕೂತು ರೈಟ್ ಫೀಲ್ಡ್ ಬೇಲಿಯಾಚೆಯಿಂದ ಪುಕ್ಕಟೆ ಆಟ ನೋಡುತ್ತಿದ್ದರು.

1953ರ ಏಪ್ರಿಲ್ 14ರಂದು ಇಲ್ಲಿ ಮೊದಲ ಲೀಗ್ ಪಂದ್ಯ. ಸ್ಪಾನ್ ಹತ್ತೂ ಇನ್ನಿಂಗ್ಸ್ ಎಸೆದರು, ಬಿಲ್ ಬ್ರೂಟನ್ ಹೋಂ ರನ್‌ನಿಂದ ಸೇಂಟ್ ಲೂಯಿಸ್ ಎದುರು 3–2 ಗೆಲುವು. ಆ ವರ್ಷ 18,26,397 ಜನ ಬಂದರು. ಹಿಂದಿನ ವರ್ಷದ ಬಾಸ್ಟನ್ ಅಂಕಿ ಜೊತೆ ಇಟ್ಟು ನೋಡಿದರೆ ಮಾಲೀಕರು ಯಾಕೆ ಹೊರಟರು ಎಂದು ಬೇರೆ ವಿವರಣೆ ಬೇಡ. ಊರಿನವರು ಬಿಯರನ್ನು ಮನೆಯಿಂದಲೇ ಹೊತ್ತು ತರಬಹುದಿತ್ತು. 1961ರಲ್ಲಿ ಅದಕ್ಕೆ ತಡೆ ಹಾಕಿದ್ದು ಗೇಟಿನ ಲೆಕ್ಕಕ್ಕೂ ಪೆಟ್ಟು ಕೊಟ್ಟಿತು.

ಎರಡನೇ ದಿನ ಕೊಂಡ ಚೆಂಡನ್ನು ಈಗ ಹೊರತೆಗೆಯಿರಿ. ಸ್ಪಾನ್ ತಮ್ಮನ್ನು ಹೊಸದಾಗಿ ಕಟ್ಟಿಕೊಂಡದ್ದು ಮಿಲ್ವಾಕಿಯ ವರ್ಷಗಳಲ್ಲಿ. ಎಡಗೈ ಪಿಚರ್‌ನ ಕರ್ವ್ ಬಾಲ್ ಬಲಗೈ ಬ್ಯಾಟರ್‌ನ ಮೈಕಡೆಗೆ ತಿರುಗುತ್ತದೆ. ಬ್ಯಾಟರ್‌ಗಳಲ್ಲಿ ಬಲಗೈಯವರೇ ಹೆಚ್ಚು. ವೇಗ ಕುಂದಿದ ಮೇಲೆ ಒಳಕ್ಕೆ ಬರುವ ಚೆಂಡಷ್ಟೇ ಇದ್ದರೆ ಅವರು ಕಾದು ಕೂತು ಹೊಡೆಯುತ್ತಾರೆ. ಹೊರಕ್ಕೆ ಜಾರುವ ಎಸೆತ ಬೇಕಾಯಿತು: ಸ್ಕ್ರೂಬಾಲ್. ಚೆಂಡು ಬಿಡುವ ಗಳಿಗೆಯಲ್ಲಿ ಅಂಗೈಯನ್ನು ಹೊರಮುಖಕ್ಕೆ, ಹೆಬ್ಬೆರಳು ಕೆಳಗೆ ಬರುವಂತೆ ಹೊರಳಿಸಬೇಕು. ಕರ್ವ್‌ಗೆ ಮಣಿಕಟ್ಟು ತಿರುಗುವ ದಿಕ್ಕಿಗೆ ಇದು ತೀರಾ ವಿರುದ್ಧ. ನಿಧಾನಕ್ಕೆ, ಚೆಂಡು ಎಸೆಯದೆ, ತೋಳಷ್ಟೇ ಆಡಿಸಿ ನೋಡಿ. ಮೊಣಕೈ ಒಳಬದಿ ಎಳೆದಂತಾಗುತ್ತದೆ. ಈ ಎಸೆತ ಕಲಿಯಲು ಹೋಗಿ ತೋಳು ಕೆಡಿಸಿಕೊಳ್ಳುತ್ತಾರೆ ಎಂದು ಕೋಚ್‌ಗಳು ಹೆದರುವುದು ಇದಕ್ಕೇ. ಫಾಸ್ಟ್ ಬಾಲ್‌ನಷ್ಟೇ ಬೀಸಿನ ತೋಳು, ಆದರೆ ಚೆಂಡು ತಡವಾಗಿ ಬಂದು ಹೊರಕ್ಕೆ, ಕೆಳಕ್ಕೆ ಜಾರುತ್ತದೆ. ಬ್ಯಾಟರ್ ಬೇಗ ಬೀಸಿ ನೆಲಕ್ಕೆ ಹೊಡೆಯುತ್ತಾನೆ. ಸ್ಟ್ರೈಕ್‌ಔಟ್ ಕಡಿಮೆಯಾದದ್ದರ ಅರ್ಥ ಇದು: ಒಂದು ಔಟ್‌ಗೆ ಖರ್ಚಾಗುವ ಎಸೆತಗಳೂ ಕಡಿಮೆಯಾದವು. 1957ರಿಂದ 1963ರವರೆಗೆ ಸತತ ಏಳು ವರ್ಷ ಲೀಗಿನಲ್ಲಿ ಅತಿ ಹೆಚ್ಚು ಪೂರ್ತಿ ಪಂದ್ಯ ಎಸೆದವರು ಸ್ಪಾನ್. ಒಟ್ಟು 665 ಸಲ ಆಟ ಆರಂಭಿಸಿ 382 ಸಲ ತಾವೇ ಮುಗಿಸಿದರು. ಈಗಿನ ಪಿಚರ್ ನೂರು ಎಸೆತದ ಆಸುಪಾಸಿನಲ್ಲಿ ಹೊರಗೆ ಬರುತ್ತಾನೆ.

1957ರಲ್ಲಿ 21 ಗೆಲುವು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಆಗ ಎರಡೂ ಲೀಗಿಗೆ ಸೇರಿ ಒಂದೇ ಪ್ರಶಸ್ತಿ ಇತ್ತು. ಯಾಂಕೀಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯವನ್ನು ಹತ್ತು ಇನ್ನಿಂಗ್ಸ್ ಎಸೆದು ಗೆದ್ದರು. ಆ ಪಂದ್ಯ ಉಳಿದದ್ದು ಶೂ ಪಾಲಿಶ್‌ನಿಂದ. ಎಸೆದ ಚೆಂಡು ಮೈಗೆ ತಾಕಿದರೆ ಬ್ಯಾಟರ್‌ಗೆ ಫಸ್ಟ್ ಬೇಸ್ ಪುಕ್ಕಟೆ. ತನ್ನ ಕಾಲಿಗೆ ಚೆಂಡು ತಾಕಿತು ಎಂದ ಬ್ರೇವ್ಸ್ ಬ್ಯಾಟರ್ ನಿಪ್ಪಿ ಜೋನ್ಸ್ ಮಾತನ್ನು ಅಂಪೈರ್ ನಂಬಲಿಲ್ಲ. ಚೆಂಡಿನ ಮೇಲಿನ ಕಪ್ಪು ಗುರುತು ತೋರಿಸಿದ ಮೇಲೆ ಫಸ್ಟ್ ಬೇಸ್ ಕೊಟ್ಟರು. ಅದೇ ಇನ್ನಿಂಗ್ಸ್‌ನಲ್ಲಿ ಎಡ್ಡಿ ಮ್ಯಾಥ್ಯೂಸ್ ಹೋಂ ರನ್ ಹೊಡೆದರು. ಏಳನೇ ಪಂದ್ಯ ಸ್ಪಾನ್ ಪಾಲಿನದಾಗಿತ್ತು. ಫ್ಲೂ ಹಿಡಿದು ಮಲಗಿದರು, ಲೂ ಬರ್ಡೆಟ್ ಎಸೆದು ಕಪ್ ತಂದರು.

ನೋ-ಹಿಟ್ಟರ್, ಅಂದರೆ ಎದುರಾಳಿಗೆ ಒಂದೂ ಹಿಟ್ (ಹೊಡೆದು ಔಟಾಗದೆ ಬೇಸ್ ತಲುಪುವುದು) ಕೊಡದ ಪಂದ್ಯ, ಸ್ಪಾನ್‌ಗೆ ಬಂದದ್ದು ಬಹಳ ತಡವಾಗಿ. 1960ರ ಸೆಪ್ಟೆಂಬರ್ 16ರಂದು ಫಿಲಡೆಲ್ಫಿಯಾ ವಿರುದ್ಧ ಒಂದು. 1961ರ ಏಪ್ರಿಲ್ 28ರಂದು, 40 ತುಂಬಿ ಐದು ದಿನಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ ಇನ್ನೊಂದು. ಎರಡೂ ಇದೇ ನೆಲದ ಮೇಲೆ. ಅದೇ ಆಗಸ್ಟ್ 11ರಂದು 300ನೇ ಗೆಲುವೂ ಇಲ್ಲೇ.

ದಿನ 5: ಎವನ್ಸ್‌ವಿಲ್

ಹೊಸ ಕಾರು ಬಾಡಿಗೆಗೆ ಪಡೆದು ಚಿಕಾಗೋ ದಾಟಿ, ಟೆರಾ ಹೋಟ್ ಮೇಲೆ ಯುಎಸ್-41ರಲ್ಲಿ ದಕ್ಷಿಣಕ್ಕೆ. ಆರೂವರೆ ಗಂಟೆಯ ದಾರಿ. ಚಿಕಾಗೋ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಂಟು. ಬೆಳಿಗ್ಗೆ ಐದಕ್ಕೆ ಹೊರಟರೆ ಸಂಜೆ ಪಂದ್ಯಕ್ಕೆ ನಿರಾಳ.

ಇಷ್ಟು ದೂರ ಬರುವುದು ಯಾಕೆಂದರೆ ಸ್ಪಾನ್ ಎಸೆದ ಮೈದಾನಗಳಲ್ಲಿ ಇನ್ನೂ ಆಟ ನಡೆಯುತ್ತಿರುವ ಒಂದು ಇಲ್ಲಿದೆ. ಬಾಸಿ ಫೀಲ್ಡ್, 1915ರದ್ದು. ಬಾಸ್ಟನ್‌ನ ಫೆನ್‌ವೇ, ಚಿಕಾಗೋದ ರಿಗ್ಲಿ ಬಿಟ್ಟರೆ ವೃತ್ತಿಪರ ಬೇಸ್‌ಬಾಲ್ ನಡೆಯುವ ಅತಿ ಹಳೆಯ ಮೈದಾನ ಇದೇ. 1941ರಲ್ಲಿ 20ರ ಹರೆಯದ ಸ್ಪಾನ್ ಇಲ್ಲಿನ ತಂಡದ ಪರ 19 ಗೆದ್ದು 6 ಸೋತರು, ಸರಾಸರಿ 1.83. ಈಗ ಫ್ರಾಂಟಿಯರ್ ಲೀಗಿನ ಆಟರ್ಸ್ ತಂಡ ಆಡುತ್ತದೆ. ಮೇಜರ್ ಲೀಗಿನ ಟಿಕೆಟ್ ಬೆಲೆಯ ಮುಂದೆ ಇಲ್ಲಿಯದು ಬಿಡಿಕಾಸು.

ಅಂದು ಎಡಗೈ ಪಿಚರ್ ಇದ್ದರೆ ಫಸ್ಟ್ ಬೇಸ್ ಬದಿಯಲ್ಲಿ ಕೂರಿ. ಬೇಸ್‌ನಲ್ಲಿ ರನ್ನರ್ ಇದ್ದಾಗ ಎಡಗೈಯವನು ಆ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆ. ಥರ್ಡ್ ಬೇಸ್ ಬದಿಯಲ್ಲಿ ಕೂತರೆ ಬೆನ್ನು ಮಾತ್ರ ಕಾಣುತ್ತದೆ. ಗಮನವಿರಬೇಕಾದದ್ದು ಅವನ ಬಲಗಾಲಿನ ಮೇಲೆ. ಕಾಲು ಎತ್ತಿದವನು ಬ್ಯಾಟರ್‌ಗೆ ಎಸೆಯುತ್ತಾನೋ, ಫಸ್ಟ್ ಬೇಸ್‌ಗೆ ಎಸೆದು ರನ್ನರ್‌ನನ್ನು ಹಿಡಿಯುತ್ತಾನೋ, ಓಡುವವನು ಆ ಕಾಲನ್ನೇ ನೋಡಿ ಊಹಿಸಬೇಕು. ಎತ್ತಿದ ಪಾದ ಕಾಲಡಿಯ ರಬ್ಬರ್ ಪಟ್ಟಿಯ ಹಿಂದಿನ ಅಂಚನ್ನು ದಾಟಿ ಹಿಂದಕ್ಕೆ ಹೋಯಿತೋ, ಆಮೇಲೆ ಫಸ್ಟ್‌ಗೆ ಎಸೆಯುವಂತಿಲ್ಲ. ಎಸೆದರೆ ‘ಬಾಕ್’, ರನ್ನರ್‌ಗೆ ಮುಂದಿನ ಬೇಸ್ ಪುಕ್ಕಟೆ. ಸ್ಪಾನ್ ಕಾಲು ಆ ಗೆರೆಯ ಈಚೆಗೇ ನಿಂತು, ಕೊನೆಯ ಕ್ಷಣದವರೆಗೂ ಎರಡೂ ಕಡೆಗೆ ಹೊರಟಂತೆ ಕಾಣುತ್ತಿತ್ತು. ಅವರ ಎದುರು ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಲು, ಹೊರಡುವುದು ದಡ್ಡತನ ಎಂದು ಆ ಕಾಲದ ಓಟಗಾರರು ಬಲ್ಲವರಾಗಿದ್ದರು.

ದಿನ 6 ಮತ್ತು 7: ಓಕ್ಲಹೋಮಾ

ಎವನ್ಸ್‌ವಿಲ್‌ನಿಂದ ಸೇಂಟ್ ಲೂಯಿಸ್, ಅಲ್ಲಿಂದ ಐ-44ರಲ್ಲಿ ಟಲ್ಸಾ: ಸುಮಾರು 900 ಕಿ.ಮೀ. ಇಬ್ಬರು ಓಡಿಸುವವರಿದ್ದರೆ ಒಂದೇ ದಿನ, ಒಬ್ಬರೇ ಇದ್ದರೆ ನಡುವೆ ಎಲ್ಲಾದರೂ ಮಲಗಿ. ಟಲ್ಸಾದಲ್ಲಿ ನೋಡುವುದು ಏನೂ ಇಲ್ಲ, ಆದರೆ ಕಥೆಯ ಬಾಲ ಇಲ್ಲಿದೆ. ಮೇಜರ್ ಲೀಗ್ ಬಿಟ್ಟ ಮೇಲೂ ಸ್ಪಾನ್ ಮೆಕ್ಸಿಕೋದಲ್ಲಿ ಎಸೆದರು, ಟಲ್ಸಾ ಆಯಿಲರ್ಸ್ ತಂಡದ ಮ್ಯಾನೇಜರ್ ಆಗಿ 1967ರಲ್ಲಿ ತಾವೇ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಏರಿದರು. ನಿವೃತ್ತಿಯ ದಿನ ಮುಂದಕ್ಕೆ ಹೋದಂತೆ ಹಾಲ್ ಆಫ್ ಫೇಮ್‌ಗೆ ಕಾಯುವ ಗಡುವೂ ಮುಂದಕ್ಕೆ ಹೋಯಿತು. 1973ರವರೆಗೆ ತಡವಾಗಲು ಅದೇ ಕಾರಣ.

ಮರುದಿನ ಯುಎಸ್-69ರಲ್ಲಿ ಮಸ್ಕೋಗಿ ದಾಟಿ ಮೆಕಲೆಸ್ಟರ್ ಕಡೆಗೆ. ಮಸ್ಕೋಗಿ ಹತ್ತಿರದ ಕ್ಯಾಂಪ್ ಗ್ರೂಬರ್‌ನಲ್ಲಿ ಸ್ಪಾನ್ ಯುದ್ಧ ತರಬೇತಿ ಪಡೆದರು, ಓಕ್ಲಹೋಮಾದ ಲೊರೀನ್ ಅವರ ಪರಿಚಯ ಆದದ್ದೂ ಆಗಲೇ. 1946ರಲ್ಲಿ ಮದುವೆ. 276ನೇ ಎಂಜಿನಿಯರ್ ಬೆಟಾಲಿಯನ್‌ನೊಂದಿಗೆ ಯುರೋಪಿಗೆ ಹೋಗಿ ಬಲ್ಜ್ ಕಾಳಗ ಕಂಡರು. 1945ರ ಮಾರ್ಚ್‌ನಲ್ಲಿ ರೈನ್ ನದಿಯ ಮೇಲಿನ ರೆಮಾಗೆನ್ ಸೇತುವೆಯ ದುರಸ್ತಿಗೆ ಈ ಬೆಟಾಲಿಯನ್ನನ್ನು ಹಾಕಿದ್ದರು. ಶೆಲ್ ಚೂರು ಸ್ಪಾನ್ ಪಾದಕ್ಕೆ ಬಡಿಯಿತು. ಮಾರ್ಚ್ 17ರಂದು ಸೇತುವೆ ಕುಸಿದು ನದಿಗೆ ಬಿತ್ತು. ಅವರು ಅದರ ಮೇಲಿಂದ ಇಳಿದು ಹೆಚ್ಚು ಹೊತ್ತಾಗಿರಲಿಲ್ಲ. ರಣರಂಗದಲ್ಲೇ ಅಧಿಕಾರಿ ದರ್ಜೆ ಕೊಟ್ಟರು. ಅಧಿಕಾರಿಯಾದದ್ದರಿಂದಲೇ ಸೇನೆಯಿಂದ ಬಿಡುಗಡೆ ತಡವಾಗಿ, 1946ರ ಅರ್ಧ ಸೀಸನ್ ಕೂಡ ಕಳೆದುಹೋಯಿತು. ಯುದ್ಧ ಇಲ್ಲದಿದ್ದರೆ 400 ಗೆಲ್ಲುತ್ತಿದ್ದರು ಎಂದು ಅಭಿಮಾನಿಗಳು ಲೆಕ್ಕ ಹಾಕುತ್ತಾರೆ. ಸ್ಪಾನ್ ಹಾಗೆ ಹೇಳಿಕೊಳ್ಳಲಿಲ್ಲ. ಅಲ್ಲಿ ಬಲಿತದ್ದರಿಂದಲೇ 44ರವರೆಗೆ ಆಡಲಾಯಿತು ಎಂಬುದು ಅವರ ಅಭಿಪ್ರಾಯ. ತೋಳಿಗೆ ಸಿಕ್ಕ ಮೂರು ವರ್ಷದ ವಿಶ್ರಾಂತಿಯನ್ನೂ ನೆನೆದರೆ ಆ ಮಾತು ತಳ್ಳಿಹಾಕುವಂಥದಲ್ಲ.

ಮೆಕಲೆಸ್ಟರ್‌ನಿಂದ ಪೂರ್ವಕ್ಕೆ ಯುಎಸ್-270ರಲ್ಲಿ ಅರ್ಧ ಗಂಟೆ ಹೋದರೆ ಹಾರ್ಟ್‌ಶೋರ್ನ್. ಸ್ಪಾನ್ ಇಲ್ಲಿ ದನ ಸಾಕುತ್ತ ಬದುಕಿದರು, 2003ರ ನವೆಂಬರ್ 24ರಂದು ತೀರಿಕೊಂಡ ಮೇಲೆ ಇಲ್ಲಿನ ಎಲ್ಮ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ರ‍್ಯಾಂಚ್ ಖಾಸಗಿ ಜಾಗ, ಆ ಕಡೆ ಹೋಗಬೇಡಿ. ಊರು ಪುಟ್ಟದು, ಪೆಟ್ರೋಲ್ ಮತ್ತು ನೀರು ಮೆಕಲೆಸ್ಟರ್‌ನಲ್ಲೇ ತುಂಬಿಸಿಕೊಳ್ಳಿ. ಊಟಕ್ಕೆ ವಾಪಸ್ ದಾರಿಯ ಕ್ರೆಬ್ಸ್ ಒಳ್ಳೆಯದು. ಕಲ್ಲಿದ್ದಲು ಗಣಿಗೆ ಬಂದ ಇಟಾಲಿಯನ್ನರು ಕಟ್ಟಿದ ಊರು. ಮಾಂಸವಿಲ್ಲದ ಪಾಸ್ತಾ ಸಿಗುತ್ತದೆ.

ದಿನ 8: ಸ್ಯಾನ್ ಫ್ರಾನ್ಸಿಸ್ಕೋ

ಟಲ್ಸಾದಿಂದ ಡೆನ್ವರ್ ಅಥವಾ ಡಲ್ಲಾಸ್‌ನಲ್ಲಿ ವಿಮಾನ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಕ್ಯಾಂಡಲ್‌ಸ್ಟಿಕ್ ಪಾರ್ಕ್ ಸ್ಟೇಡಿಯಂ ಅನ್ನು 2015ರಲ್ಲಿ ಕೆಡವಿದರು. ಆ ಜಾಗಕ್ಕೆ ತಾಗಿದ, ಕೊಲ್ಲಿಯ ದಡದ ಕ್ಯಾಂಡಲ್‌ಸ್ಟಿಕ್ ಪಾಯಿಂಟ್ ಉದ್ಯಾನದವರೆಗೆ ಹೋಗಬಹುದು. ಜುಲೈ ಸಂಜೆಯಾದರೂ ಜಾಕೆಟ್ ಬೇಕು. ಹೋಗಬೇಕಾದದ್ದೂ ಸಂಜೆಯೇ, ಯಾಕೆಂದರೆ ಗಾಳಿ ಏಳುವುದು ಆಗ. ಕಾರಿನಲ್ಲಿ ಬ್ಯಾಗ್ ಬಿಟ್ಟು ಇಳಿಯಬೇಡಿ.

1963ರ ಜುಲೈ 2ರ ರಾತ್ರಿ ಇದೇ ಗಾಳಿಯಲ್ಲಿ 42ರ ಸ್ಪಾನ್ ಎದುರು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಪಿಚರ್, 25ರ ಹುವಾನ್ ಮರಿಶಾಲ್ ನಿಂತರು. ಆ ಮೈದಾನದಲ್ಲಿದ್ದವರಲ್ಲಿ ಏಳು ಜನ ಮುಂದೆ ಹಾಲ್ ಆಫ್ ಫೇಮ್ ಸೇರಿದರು: ಇಬ್ಬರು ಪಿಚರ್‌ಗಳು, ಹ್ಯಾಂಕ್ ಆರನ್, ಎಡ್ಡಿ ಮ್ಯಾಥ್ಯೂಸ್, ವಿಲ್ಲಿ ಮೇಸ್, ವಿಲ್ಲಿ ಮೆಕೋವಿ, ಆರ್ಲಾಂಡೊ ಸೆಪೆಡಾ. ಒಂಬತ್ತು ಇನ್ನಿಂಗ್ಸ್ ಮುಗಿದವು, 0–0. ನಾಲ್ಕನೆಯದರಲ್ಲಿ ಮೇಸ್ ದೂರದಿಂದ ಎಸೆದು ಒಬ್ಬನನ್ನು ಹೋಂ ಪ್ಲೇಟ್ ಬಳಿ ಔಟ್ ಮಾಡಿದ್ದರು. ಏಳನೆಯದರಲ್ಲಿ ಸ್ಪಾನ್ ತಾವೇ ಬೇಲಿಗೆ ಬಡಿಯುವಂತೆ ಹೊಡೆದರೂ ರನ್ ಬರಲಿಲ್ಲ. (ಪಿಚರ್ ಆಗಿದ್ದೂ ಅವರು ವೃತ್ತಿಯಲ್ಲಿ 35 ಹೋಂ ರನ್ ಹೊಡೆದವರು, ಹಿಟ್‌ಗಳ ಮೊತ್ತ ಗೆಲುವಿನ ಮೊತ್ತದಷ್ಟೇ, 363.) ಒಂಬತ್ತನೆಯದರಲ್ಲಿ ಮೆಕೋವಿ ಹೊಡೆದ ಭಾರಿ ಹೊಡೆತ ಫೌಲ್ (ಗೆರೆಯ ಹೊರಗೆ ಹೋದದ್ದು, ಲೆಕ್ಕಕ್ಕಿಲ್ಲ) ಎಂದು ಅಂಪೈರ್ ಕೂಗಿದರು, ಅದರ ಬಗ್ಗೆ ಜಗಳ ಆಯಿತು. ಮಧ್ಯರಾತ್ರಿ ದಾಟಿ 16ನೇ ಇನ್ನಿಂಗ್ಸ್, ಒಬ್ಬ ಔಟ್. ಸ್ಪಾನ್ ಎಸೆದ ಸ್ಕ್ರೂಬಾಲ್ ಜಾರಬೇಕಾದಷ್ಟು ಜಾರಲಿಲ್ಲ. ಮೇಸ್ ಅದನ್ನು ಲೆಫ್ಟ್ ಫೀಲ್ಡ್ ಬೇಲಿಯಾಚೆ ಕಳಿಸಿದರು. 1–0. ಸ್ಪಾನ್ 201 ಎಸೆತ, ಮರಿಶಾಲ್ 227.

ಇಷ್ಟು ಎಸೆಯುವುದು ಸಾಧ್ಯವಾದದ್ದಕ್ಕೆ ಕಾಲವೂ ಸಹಾಯ ಮಾಡಿತ್ತು ಅನ್ನಬೇಕು. ಆಗ ಮೌಂಡ್ 15 ಅಂಗುಲ ಎತ್ತರ, 1969ರಿಂದ 10. ಅದೇ 1963ರಲ್ಲಿ ಸ್ಟ್ರೈಕ್ ವಲಯವನ್ನೂ, ಅಂದರೆ ಎಸೆತ ಸ್ಟ್ರೈಕ್ ಎನಿಸಿಕೊಳ್ಳಲು ಹಾಯಬೇಕಾದ ಜಾಗವನ್ನೂ, ಭುಜದಿಂದ ಮೊಣಕಾಲ ಕೆಳಗಿನವರೆಗೆ ಹಿಗ್ಗಿಸಿದ್ದರು. ಸ್ಪಾನ್ ಅಂದು ಸ್ಟ್ರೈಕ್‌ಔಟ್ ಮಾಡಿದ್ದು ಇಬ್ಬರನ್ನು, ವಾಕ್ (ವಲಯದ ಹೊರಗಿನ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಫಸ್ಟ್ ಬೇಸ್) ಕೊಟ್ಟದ್ದು ಒಂದು. ಉಳಿದವರಲ್ಲಿ ಹೆಚ್ಚಿನವರು ತಪ್ಪು ಗಳಿಗೆಯಲ್ಲಿ ಬ್ಯಾಟ್ ಬೀಸಿ ಫೀಲ್ಡರ್ ಕೈಗೆ ಹೊಡೆದರು.

ಊರೊಳಗಿನ ಓರಕಲ್ ಪಾರ್ಕ್ ಸ್ಟೇಡಿಯಂ ಹೊರಗೆ ಮರಿಶಾಲ್ ಪ್ರತಿಮೆ ಇದೆ, ಲೆಫ್ಟಿ ಓಡೂಲ್ ಸೇತುವೆಯ ಬದಿಗೆ. ಮುಖ್ಯದ್ವಾರದಲ್ಲಿ ಮೇಸ್. ಎತ್ತರಕ್ಕೆ ಕಾಲೆತ್ತುವ ಶೈಲಿಯನ್ನು ಕಂಚಿನಲ್ಲಿ ಹತ್ತಿರದಿಂದ ನೋಡಲು ಮರಿಶಾಲ್ ಪ್ರತಿಮೆ ಸರಿಯಾದದ್ದು, ಎಡ ಬಲ ಅದಲುಬದಲು ಮಾಡಿಕೊಂಡರೆ ಸ್ಪಾನ್ ಕೂಡ ಹೆಚ್ಚುಕಡಿಮೆ ಹೀಗೇ. ಕಾಲು ಮೇಲೆದ್ದಷ್ಟು ಹೊತ್ತು ಚೆಂಡು ಹಿಡಿದ ಕೈ ಮೈಹಿಂದೆ, ಕೆಳಗೆ ಅಡಗಿರುತ್ತದೆ. ಬ್ಯಾಟರ್‌ಗೆ ಮೊದಲು ಬೂಟು ಕಾಣುತ್ತದೆ, ಆಮೇಲೆ ಕೈಗವಸು, ಚೆಂಡು ಕಾಣುವಾಗ ಅದು ಬಿಟ್ಟಾಗಿರುತ್ತದೆ. ಸ್ಪಾನ್ ಅವರದೇ ಪ್ರತಿಮೆಯೊಂದು ಅಟ್ಲಾಂಟಾದಲ್ಲಿದೆ. ಬ್ರೇವ್ಸ್ 1966ರಲ್ಲಿ ಅಲ್ಲಿಗೆ ಹೊರಟಾಗ ಅವರು ತಂಡದಲ್ಲಿರಲಿಲ್ಲ.

1965ರಲ್ಲಿ ಅವರು ನ್ಯೂಯಾರ್ಕ್ ಮೆಟ್ಸ್ ಸೇರಿದರು. ಅಲ್ಲಿ ಮ್ಯಾನೇಜರ್ ಮತ್ತೆ ಅದೇ ಸ್ಟೆಂಗೆಲ್. ನಡುವೆ ಯಾಂಕೀಸ್‌ಗೆ ಏಳು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟಿದ್ದ ಅವರ ಕೈಕೆಳಗೆ, ಅವರು ಮೇಧಾವಿ ಆಗುವ ಮೊದಲೂ ಆಡಿದೆ, ಆದದ್ದು ಮುಗಿದ ಮೇಲೂ ಆಡಿದೆ ಎಂದು ಸ್ಪಾನ್ ನಗುತ್ತಿದ್ದರು. ಅಲ್ಲಿ 4 ಗೆದ್ದು 12 ಸೋತ ಮೇಲೆ ಜುಲೈನಲ್ಲಿ ಮೆಟ್ಸ್ ಅವರನ್ನು ಕೈಬಿಟ್ಟಿತು. ಕರೆದುಕೊಂಡದ್ದು ಜೈಂಟ್ಸ್. ಹೀಗೆ 44ನೇ ವಯಸ್ಸಿನಲ್ಲಿ ಕ್ಯಾಂಡಲ್‌ಸ್ಟಿಕ್‌ನಲ್ಲಿ ಮರಿಶಾಲ್, ಮೇಸ್ ಇಬ್ಬರಿದ್ದ ಡ್ರೆಸ್ಸಿಂಗ್ ರೂಮಿಗೇ ಸೇರಿದರು. 363ರಲ್ಲಿ ಕೊನೆಯ ಮೂರು ಗೆಲುವು ಜೈಂಟ್ಸ್ ಪರ ಬಂದವು, ಜೊತೆಗೆ ನಾಲ್ಕು ಸೋಲು.